ಕಾಲೂರಲು ನೆಲ ಸಿಗದವರ ಚಂದ್ರಯಾನ

ಬಿಳಿ ಅಂತರಿಕ್ಷ ಉಡುಪು ತೊಟ್ಟ ಹೆಣ್ಣುಮಗಳೊಬ್ಬಳು ಚಂದ್ರನ ಮೇಲೆ ಇಳಿಯುತ್ತಾಳೆ. ಮೇಲೆ ಕಪ್ಪು ಆಕಾಶ, ಕೆಳಗೆ ಬೂದಿ ಬಣ್ಣದ ಮಣ್ಣು, ಕೈಯಲ್ಲಿ ಬಾವುಟ. ಇಷ್ಟು ನಾವೆಲ್ಲ ನೋಡಿರುವ ದೃಶ್ಯವೇ. ಆದರೆ ಅವಳ ಬೂಟು ನೋಡಿ. ಅದರ ತುದಿ ಹಳೆಯ ಅರಬ್ಬಿ ಪಾದರಕ್ಷೆಯ ಹಾಗೆ ಮೇಲಕ್ಕೆ ಸುರುಳಿಯಾಗಿದೆ. ಉಡುಪಿನ ಮೇಲೆ ಕಸೂತಿ ಇದೆ. ಕೇಳಿಬರುವುದು ರಿಚರ್ಡ್ ಸ್ಟ್ರಾಸ್ ಅವರ ಸಂಗೀತ. ಸ್ಟ್ಯಾನ್ಲಿ ಕುಬ್ರಿಕ್ 1968ರ ತಮ್ಮ ಬಾಹ್ಯಾಕಾಶ ಸಿನಿಮಾದಲ್ಲಿ ಬಳಸಿ ಮನೆಮಾತು ಮಾಡಿದ ಅದೇ ಧಾಟಿ, ಇಲ್ಲಿ ಅರಬ್ಬಿ ಮಟ್ಟಿನಲ್ಲಿ. ಅವಳು ನೆಡುವ ಬಾವುಟ ಪ್ಯಾಲೆಸ್ಟೈನಿನದು. ಒಬ್ಬ ಪ್ಯಾಲೆಸ್ಟೀನಿಗೆ ಇದು ಪುಟ್ಟ ಹೆಜ್ಜೆ, ಮನುಕುಲಕ್ಕೆ ದೊಡ್ಡ ಜಿಗಿತ ಎಂದು ಅವಳು ಹೇಳುತ್ತಾಳೆ.

ಇದು 'ಎ ಸ್ಪೇಸ್ ಎಕ್ಸೋಡಸ್'. 2009ರ ವಿಡಿಯೊ, ಐದು ನಿಮಿಷ ಚಿಲ್ಲರೆ ಅಷ್ಟೇ. ಮಾಡಿದವರು ಪ್ಯಾಲೆಸ್ಟೀನಿ ಕಲಾವಿದೆ ಲಾರಿಸಾ ಸನ್ಸೂರ್. ಉಡುಪಿನೊಳಗೆ ಇರುವವರೂ ಅವರೇ. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಎರಡನೇ ಸಲ ಬರಲಿಲ್ಲ. ಭೂಮಿಯ ಮೇಲೆ ಸ್ವಂತ ದೇಶವಿಲ್ಲದವರು ಚಂದ್ರನ ಮೇಲೆ ಬಾವುಟ ನೆಡುವುದು ತಮಾಷೆಯಾಗಿ ಕಾಣುವುದು ಏಕೆ? ನಾವು ಚಂದ್ರನನ್ನೂ ಬಾವುಟವನ್ನೂ ಬಲಾಢ್ಯರ ಪಾಲಿಗೆ ಬರೆದುಕೊಟ್ಟುಬಿಟ್ಟಿದ್ದೇವೆ, ಅದಕ್ಕೆ. ಆ ನಗು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಸನ್ಸೂರ್ ಅವರ ಕಲೆಯ ಒಳಗೇ ಹೋಗಿಬಿಡುತ್ತೇವೆ.

ಸನ್ಸೂರ್ ಹುಟ್ಟಿದ್ದು 1973ರಲ್ಲಿ, ಪೂರ್ವ ಜೆರುಸಲೇಮಿನಲ್ಲಿ. ಬೆಳೆದದ್ದು ಬೆಥ್ಲೆಹೇಮಿನಲ್ಲಿ. ಕಲೆ ಕಲಿತದ್ದು ಕೋಪನ್‌ಹೇಗನ್, ಲಂಡನ್, ನ್ಯೂಯಾರ್ಕ್ ನಗರಗಳಲ್ಲಿ. ಈಗ ಇರುವುದು ಲಂಡನ್ನಿನಲ್ಲಿ. ಡೆನ್ಮಾರ್ಕಿನ ಲೇಖಕ ಸೋರನ್ ಲಿಂಡ್, ಸನ್ಸೂರ್ ಅವರ ಜೊತೆಗಾರ. ಹಲವು ಚಿತ್ರಗಳಿಗೆ ಲಿಂಡ್ ಅವರದ್ದೇ ಬರವಣಿಗೆ, ಕೆಲವಕ್ಕೆ ನಿರ್ದೇಶನದಲ್ಲೂ ಪಾಲು.

ಇವರ ಬಗ್ಗೆ ಬರೆಯುವವರೆಲ್ಲ 'ವಸಾಹತೋತ್ತರ ಅಸ್ಮಿತೆ' ಎಂಬ ಮಾತು ಬಳಸುತ್ತಾರೆ. ಕೇಳಲು ಭಾರವಾದ ಪದ. ವಿಷಯ ಅಷ್ಟೇನೂ ಕಷ್ಟದ್ದಲ್ಲ. ಪರರು ಬಂದು ನೆಲ ಆಳಿದರು, ಆಮೇಲೆ ಹೋದರು. ಹೋದ ಮೇಲೆ ಉಳಿದವರಿಗೆ 'ನಾವು ಯಾರು?' ಎಂಬ ಪ್ರಶ್ನೆ ಎದುರಾಗುತ್ತದೆ. ನಮ್ಮ ಚರಿತ್ರೆ ಬರೆದವರು ಅವರು, ನಮ್ಮ ನಕ್ಷೆಯ ಗೆರೆ ಎಳೆದವರು ಅವರು, ನಮ್ಮ ಊರಿನ ಹೆಸರನ್ನು ತಮಗೆ ಬಂದಂತೆ ಬರೆದುಕೊಂಡವರೂ ಅವರೇ. ಇದರಲ್ಲಿ ನಮ್ಮದು ಎಷ್ಟು, ಅವರು ಬಿಟ್ಟುಹೋದದ್ದು ಎಷ್ಟು? ಇಷ್ಟೇ ಆ ದೊಡ್ಡ ಪದದ ಒಳಗಿರುವುದು.

ಆದರೆ ಆ ಪದದೊಳಗೆ 'ನಂತರ' ಎಂಬ ಅರ್ಥ ಕೂತಿದೆ. ವಸಾಹತು ಮುಗಿದ ನಂತರ. ಪ್ಯಾಲೆಸ್ಟೀನಿಯರ ವಿಷಯದಲ್ಲಿ ತೊಡಕು ಬರುವುದು ಇಲ್ಲೇ. ಬ್ರಿಟಿಷರ ಆಡಳಿತ 1948ರಲ್ಲಿ ಮುಗಿಯಿತು. ಅದೇ ವರ್ಷ ಇಸ್ರೇಲ್ ಹುಟ್ಟಿತು, ಯುದ್ಧವಾಯಿತು, ಏಳು ಲಕ್ಷಕ್ಕೂ ಜಾಸ್ತಿ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಅವರು ಅದನ್ನು 'ನಕ್ಬಾ' ಎನ್ನುತ್ತಾರೆ, ಅಂದರೆ ಮಹಾ ವಿಪತ್ತು. 1967ರ ಯುದ್ಧದಲ್ಲಿ ಪಶ್ಚಿಮ ದಂಡೆ, ಗಾಜಾ, ಪೂರ್ವ ಜೆರುಸಲೇಂ ಇಸ್ರೇಲಿನ ಕೈಗೆ ಹೋದವು. 1995ರ ಒಪ್ಪಂದ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂದು ಮೂರು ಬಗೆಯ ತುಂಡು ಮಾಡಿತು. ಅದರಲ್ಲಿ ಸುಮಾರು 60 ಪ್ರತಿಶತ ನೆಲ 'ಸಿ' ಭಾಗಕ್ಕೆ ಬಿತ್ತು, ಅಂದರೆ ಪೂರ್ತಿ ಇಸ್ರೇಲಿನ ಹತೋಟಿಗೆ. 2002ರಿಂದ ತಡೆಗೋಡೆ ಏಳತೊಡಗಿತು. ಬೆಥ್ಲೆಹೇಮಿನ ಬಳಿ ಅದು 8 ಮೀಟರ್ ಎತ್ತರದ ಕಾಂಕ್ರೀಟು. ಬೆಥ್ಲೆಹೇಮಿನಿಂದ ಜೆರುಸಲೇಮಿಗೆ ಸುಮಾರು 10 ಕಿಲೋಮೀಟರ್. ಪರವಾನಗಿ ಇಲ್ಲದವರಿಗೆ ಆ 10 ಕಿಲೋಮೀಟರ್ ಚಂದ್ರನಷ್ಟೇ ದೂರ.

ಹಾಗಾದರೆ 'ನಂತರ' ಬಂತೇ? ಬಂದಿಲ್ಲ. ಬಾರದ ಕಾಲದ ಬಗ್ಗೆ ಚಿತ್ರ ಮಾಡುವುದು ಹೇಗೆ? ಬಾರದ ಕಾಲವನ್ನೇ ಬಂಡವಾಳ ಮಾಡಿಕೊಂಡ ಒಂದು ಬಗೆಯ ಕಥೆ ಇದೆ, ಅದು ಸೈ-ಫೈ, ಅಂದರೆ ವೈಜ್ಞಾನಿಕ ಕಲ್ಪನೆಯ ಕಥೆ. ಸನ್ಸೂರ್ ಆ ದಾರಿ ಹಿಡಿದದ್ದು ಫ್ಯಾಷನ್ನಿಗಲ್ಲ ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ.

ಮೊದಲು ಅವರು ಇದ್ದದ್ದನ್ನು ಇದ್ದ ಹಾಗೆ ತೋರಿಸುವ ವಿಡಿಯೊಗಳನ್ನೂ ಮಾಡಿದ್ದರು. 2006ರ ಒಂದರಲ್ಲಿ ಅವರದ್ದೇ ಮನೆಯವರು ಬೆಥ್ಲೆಹೇಮಿನ ಮಹಡಿಯ ಮೇಲೆ ಕೂತು ಮುಲೂಖಿಯ್ಯಾ ಎಂಬ ಸೊಪ್ಪಿನ ಸಾರು ಉಣ್ಣುತ್ತಾರೆ. ಸಾರಿನ ರುಚಿಯಿಂದ ಶುರುವಾದ ಮಾತು ನೋಡನೋಡುತ್ತಲೇ ರಾಜಕೀಯಕ್ಕೆ ಬಂದು ನಿಲ್ಲುತ್ತದೆ. ಚೆನ್ನಾಗಿಯೇ ಇದೆ. ಆದರೆ ಆ ನಾಡಿನ ಬಗ್ಗೆ ಇರುವ ಸಾಕ್ಷ್ಯಚಿತ್ರಗಳಿಗೂ ಸುದ್ದಿ ದೃಶ್ಯಗಳಿಗೂ ಲೆಕ್ಕವಿಲ್ಲ. ಚೆಕ್‌ಪೋಸ್ಟ್, ಕಲ್ಲು, ಟ್ಯಾಂಕು, ಅಳುವ ತಾಯಿ. ನೋಡಿ ನೋಡಿ ಕಣ್ಣು ಜಡ್ಡುಗಟ್ಟಿದೆ. ಪ್ರತಿ ಪದಕ್ಕೂ ಒಂದು ಪಕ್ಷ ಅಂಟಿಕೊಂಡಿದೆ. 'ಗೋಡೆ' ಎಂದರೆ ಒಂದು ಕಡೆಯವರು, 'ಬೇಲಿ' ಎಂದರೆ ಇನ್ನೊಂದು ಕಡೆಯವರು. ಬಾಯಿ ತೆರೆಯುವ ಮೊದಲೇ ಕೇಳುವವರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಸೈ-ಫೈ ಈ ಕಟ್ಟನ್ನು ಬಿಡಿಸುತ್ತದೆ. ಗೋಡೆ ಅನ್ನದೆ ಲಿಫ್ಟ್ ತೋರಿಸಿದರೆ ನೋಡುವವರು ಒಂದು ಕ್ಷಣವಾದರೂ ತಮ್ಮ ಸಿದ್ಧ ಉತ್ತರ ಮರೆಯುತ್ತಾರೆ.

ಆ ಲಿಫ್ಟ್ ಇರುವುದು 2012ರ 'ನೇಷನ್ ಎಸ್ಟೇಟ್' ಚಿತ್ರದಲ್ಲಿ. ನನಗೆ ತುಂಬ ಇಷ್ಟವಾದ ಚಿತ್ರ, ಒಂಬತ್ತೇ ನಿಮಿಷ. ಕಥೆ ಇಷ್ಟು: ಪ್ಯಾಲೆಸ್ಟೀನಿಯರಿಗೆ ಕೊನೆಗೂ ದೇಶ ಸಿಕ್ಕಿದೆ. ಆದರೆ ಅದು ಒಂದು ಕಟ್ಟಡ. ಆಕಾಶ ಮುಟ್ಟುವ ಒಂದೇ ಗೋಪುರದಲ್ಲಿ ಇಡೀ ಜನತೆ. ಊರಿಗೊಂದು ಮಹಡಿ. ಜೆರುಸಲೇಮಿಗೆ ಒಂದು, ರಾಮಲ್ಲಾಗೆ ಒಂದು, ಬೆಥ್ಲೆಹೇಮಿಗೆ ಒಂದು. ಊರಿಂದೂರಿಗೆ ಹೋಗಬೇಕೆಂದರೆ ಚೆಕ್‌ಪೋಸ್ಟ್ ಇಲ್ಲ, ಗುಂಡಿ ಒತ್ತಿದರಾಯಿತು. ಲಿಫ್ಟಿನ ಬಾಗಿಲು ತೆರೆದಾಗ ಆ ಊರಿನ ಚೌಕ, ಆ ಊರಿನ ಗುರುತು ಎದುರಿಗೆ ನಿಂತಿರುತ್ತದೆ. ಎಲ್ಲವೂ ನಕಲು, ಎಲ್ಲವೂ ಫಳಫಳ. ನೆಲ ಒರೆಸಿ ಮಿಂಚುತ್ತಿದೆ, ದೀಪಗಳು ತಣ್ಣಗಿವೆ, ಜನ ಕಡಿಮೆ.

ನಾಯಕಿ, ಮತ್ತೆ ಸನ್ಸೂರ್ ಅವರೇ, ಸೂಟ್‌ಕೇಸ್ ಹಿಡಿದು ತನ್ನ ಮನೆಗೆ ಬರುತ್ತಾಳೆ. ಮನೆಯೊಳಗೆ ಕಾಂಕ್ರೀಟು ನೆಲವನ್ನು ಸೀಳಿಕೊಂಡು ಬಂದ ಒಂದು ಆಲಿವ್ ಮರ. ಅದಕ್ಕೆ ನೀರು ಹಾಕುತ್ತಾಳೆ. ಊಟ ಸಿದ್ಧ ಪೊಟ್ಟಣದಲ್ಲಿ ಬರುತ್ತದೆ. ಹೊಟ್ಟೆಯಲ್ಲಿ ಮಗುವಿದೆ. ಮರಕ್ಕೆ ಮಣ್ಣು ಎಲ್ಲಿಂದ ಬರುತ್ತದೆ, ಆ ಮಗು ಮಣ್ಣು ಮುಟ್ಟುವುದು ಯಾವಾಗ ಎಂದು ಚಿತ್ರ ಕೇಳುವುದಿಲ್ಲ. ನೋಡುವವರೇ ಕೇಳಿಕೊಳ್ಳುತ್ತಾರೆ.

ಈ ಚಿತ್ರ ಹುಟ್ಟಿದ ಹೊತ್ತು ತಿಳಿದರೆ ಅದರ ಕಚ್ಚು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 2011ರ ಸೆಪ್ಟೆಂಬರಿನಲ್ಲಿ ಪ್ಯಾಲೆಸ್ಟೈನ್ ವಿಶ್ವಸಂಸ್ಥೆಯ ಪೂರ್ಣ ಸದಸ್ಯತ್ವಕ್ಕೆ ಅರ್ಜಿ ಹಾಕಿತು. 2012ರ ನವೆಂಬರ್ 29ರಂದು ಸಿಕ್ಕಿದ್ದು 'ಸದಸ್ಯನಲ್ಲದ ವೀಕ್ಷಕ ರಾಷ್ಟ್ರ' ಎಂಬ ಸ್ಥಾನ. ಪರವಾಗಿ 138 ಮತ, ವಿರುದ್ಧ 9, ತಟಸ್ಥ 41. ರಾಷ್ಟ್ರ ಹೌದು, ಸದಸ್ಯ ಅಲ್ಲ. ಕಾಗದದ ಮೇಲೆ ಮೇಲೇರಿತು, ಕೆಳಗೆ ನೆಲ ಇದ್ದಷ್ಟೇ ಇತ್ತು. ಅಗಲಕ್ಕೆ ಹರಡಲು ಜಾಗವಿಲ್ಲವೇ, ಹಾಗಾದರೆ ಎತ್ತರಕ್ಕೆ ಕಟ್ಟಿ ಎನ್ನುತ್ತದೆ ಸನ್ಸೂರ್ ಅವರ ಗೋಪುರ. ಕೇಳಿದ್ದೆಲ್ಲ ಕೊಟ್ಟಿದೆ. ದೇಶ, ಊರು, ಮನೆ, ಪ್ರಯಾಣದ ಸ್ವಾತಂತ್ರ್ಯ. ಆದರೆ ಕೊಟ್ಟ ರೀತಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಇವರ ಭವಿಷ್ಯಗಳೆಲ್ಲ ಹೀಗೆಯೇ. ಆಸೆ ಈಡೇರುತ್ತದೆ, ಸೊಟ್ಟಗೆ ಈಡೇರುತ್ತದೆ. ಸುಮ್ನೆ ಕನಸು ಕಾಣುವವರಾಗಿದ್ದರೆ ಸುಂದರವಾದ ಹಸಿರು ನಾಡನ್ನೇ ತೋರಿಸಬಹುದಿತ್ತು, ಅಲ್ವಾ?

ಈ ಚಿತ್ರ ಇನ್ನೂ ಸ್ಥಿರಚಿತ್ರಗಳ ಹಂತದಲ್ಲಿದ್ದಾಗಲೇ ಒಂದು ಗಲಾಟೆ ಆಯಿತು. ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ಎಲಿಸೆ ಮ್ಯೂಸಿಯಂ 2011ರಲ್ಲಿ ಫೋಟೊ ಪ್ರಶಸ್ತಿಯೊಂದಕ್ಕೆ ಎಂಟು ಜನರನ್ನು ಆರಿಸಿತ್ತು. ಅವರಲ್ಲಿ ಸನ್ಸೂರ್ ಒಬ್ಬರು. ಪ್ರಾಯೋಜಕರು ಲಾಕೋಸ್ಟ್ ಕಂಪನಿ. ಡಿಸೆಂಬರಿನಲ್ಲಿ ಅವರ ಹೆಸರು ಪಟ್ಟಿಯಿಂದ ಹೊರಬಿತ್ತು. ತಮ್ಮ ಕೆಲಸ ಪ್ಯಾಲೆಸ್ಟೈನ್ ಪರವಾಗಿದೆ ಎಂಬ ಕಾರಣಕ್ಕೆ ಹೀಗಾಯಿತು ಎಂದು ಸನ್ಸೂರ್ ಬಹಿರಂಗವಾಗಿ ಹೇಳಿದರು. ಆ ವರ್ಷದ ವಿಷಯವಾದ 'ಬದುಕಿನ ಸಂತೋಷ'ಕ್ಕೆ ಕೃತಿ ಹೊಂದುತ್ತಿರಲಿಲ್ಲ, ರಾಜಕೀಯ ಕಾರಣವಲ್ಲ ಎಂದು ಕಂಪನಿ ಹೇಳಿತು. ಕೊನೆಗೆ ಮ್ಯೂಸಿಯಂ ಕಲಾವಿದೆಯ ಪರ ನಿಂತು ಪ್ರಶಸ್ತಿಯನ್ನೇ ನಿಲ್ಲಿಸಿತು. ಜಾಗ ಸಿಗದವರ ಬಗ್ಗೆ ಮಾಡಿದ ಕೃತಿಗೇ ಜಾಗ ಸಿಗಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸೈ-ಫೈ ಮತ್ತು ವಸಾಹತು ಹೊಸ ನೆಂಟರಲ್ಲ. ಹೊಸ ಲೋಕ ಕಂಡುಹಿಡಿಯುವುದು, ಅಲ್ಲಿ ಬಾವುಟ ನೆಡುವುದು, ಅಲ್ಲಿನವರನ್ನು 'ಅನ್ಯರು' ಎನ್ನುವುದು, ಇವೆಲ್ಲ ಯುರೋಪಿನ ಹಡಗುಗಳ ಕಥೆಯೇ, ಆಕಾಶಕ್ಕೆ ಏರಿಸಿದ್ದು. ಎಚ್. ಜಿ. ವೆಲ್ಸ್ 1898ರ ತಮ್ಮ ಕಾದಂಬರಿಯಲ್ಲಿ ಮಂಗಳ ಗ್ರಹದವರನ್ನು ಇಂಗ್ಲೆಂಡಿನ ಮೇಲೆ ನುಗ್ಗಿಸಿದಾಗ, ಯುರೋಪಿನವರು ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಮಾಡಿದ್ದನ್ನು ಮೊದಲ ಅಧ್ಯಾಯದಲ್ಲೇ ನೆನಪಿಸಿದ್ದರು. ಆ ಕಥೆಗಳಲ್ಲಿ 'ಅನ್ಯರು' ಎನ್ನಿಸಿಕೊಂಡವರ ಮೊಮ್ಮಕ್ಕಳು ಈಗ ಕ್ಯಾಮೆರಾ ಹಿಡಿದಿದ್ದಾರೆ. 1996ರಲ್ಲಿ ಬ್ರಿಟನ್ನಿನ ನಿರ್ದೇಶಕ ಜಾನ್ ಅಕೊಂಫ್ರಾ ಕಪ್ಪು ಜನರ ಸಂಗೀತವನ್ನೂ ಅಂತರಿಕ್ಷವನ್ನೂ ಹೊಲಿದು ಒಂದು ಚಿತ್ರ ಮಾಡಿದರು. ಕಲಾವಿದ ನೀಲ್ ಬೆಲೂಫಾ 2007ರಲ್ಲಿ ಮಾಲಿ ದೇಶದ ಜನರ ಮುಂದೆ ಕ್ಯಾಮೆರಾ ಇಟ್ಟು, ನಿಮ್ಮ ಭವಿಷ್ಯವನ್ನು ವರ್ತಮಾನದ ಕ್ರಿಯಾಪದದಲ್ಲಿ ಹೇಳಿ ಎಂದರು. 'ಆಗುತ್ತದೆ' ಬಿಟ್ಟು 'ಆಗುತ್ತಿದೆ' ಎಂದಷ್ಟಕ್ಕೇ ಮಾತು ಬೇರೆಯಾಗಿಬಿಡುತ್ತದೆ. ಕೀನ್ಯಾದ ವನುರಿ ಕಹಿಯು ಅವರ ನೀರಿಲ್ಲದ ನಾಳೆಯ ಕಿರುಚಿತ್ರ ಬಂದದ್ದೂ ಸನ್ಸೂರ್ ಚಂದ್ರನಿಗೆ ಹೋದ 2009ರಲ್ಲೇ.

ಇದು ಸಿನಿಮಾ ಅಲ್ಲವೇ, ವಿಡಿಯೊ ಕಲೆ ಎಂದು ಬೇರೆ ಹೆಸರು ಏಕೆ ಎಂದು ಕೆಲವರು ಕೇಳುತ್ತಾರೆ. ಗೆರೆ ಅಷ್ಟು ಗಟ್ಟಿಯಲ್ಲ. ಇವರ ಚಿತ್ರಗಳು ಚಿತ್ರೋತ್ಸವಕ್ಕೂ ಹೋಗುತ್ತವೆ, ಗ್ಯಾಲರಿಗೂ ಹೋಗುತ್ತವೆ. ಗ್ಯಾಲರಿಯಲ್ಲಿ ಚಿತ್ರ ಸುತ್ತು ಹೊಡೆಯುತ್ತಲೇ ಇರುತ್ತದೆ. ನೀವು ನಡುವೆ ಒಳಗೆ ಬರಬಹುದು, ನಡುವೆಯೇ ಎದ್ದು ಹೋಗಬಹುದು. ಪರದೆ ಒಂದೇ ಇರಬೇಕೆಂದಿಲ್ಲ. ಪರದೆಯ ಒಳಗಿದ್ದ ವಸ್ತು ಹೊರಗೆ ಕೋಣೆಯಲ್ಲೂ ನಿಂತಿರಬಹುದು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡು ಪರದೆಯ ಚಿತ್ರಕ್ಕೆ ಒಳ್ಳೆಯ ಉದಾಹರಣೆ 2019ರ 'ಇನ್ ವಿಟ್ರೋ'. ಕಪ್ಪು ಬಿಳುಪು, ಮಾತು ಅರಬ್ಬಿಯಲ್ಲಿ, ಅರ್ಧ ಗಂಟೆಗೆ ಸ್ವಲ್ಪ ಕಡಿಮೆ. ಪರಿಸರ ದುರಂತವೊಂದು ಬೆಥ್ಲೆಹೇಮನ್ನು ನುಂಗಿದೆ. ಊರಿನ ಕೆಳಗಿದ್ದ ಅಣುಸ್ಥಾವರ ಈಗ ನೆಲದಡಿಯ ತೋಟವಾಗಿದೆ, ಉಳಿಸಿದ ಬೀಜಗಳಿಂದ ಗಿಡ ಬೆಳೆಸುತ್ತಿದ್ದಾರೆ. ಹಾಸಿಗೆಯ ಮೇಲೆ ದುನಿಯಾ ಸಾವಿಗೆ ಹತ್ತಿರವಾಗಿದ್ದಾಳೆ. ಪಾತ್ರ ಮಾಡಿದವರು ಹಿಯಾಂ ಅಬ್ಬಾಸ್. ಪಕ್ಕದಲ್ಲಿ ಅಲಿಯಾ, ಆ ಪಾತ್ರ ಮೈಸಾ ಅಬ್ದ್ ಎಲ್‌ಹಾದಿ ಅವರದು. ಅಲಿಯಾ ಹುಟ್ಟಿದ್ದೇ ನೆಲದಡಿ, ತದ್ರೂಪಿಯಾಗಿ, ಅಂದರೆ ಕ್ಲೋನ್ ಆಗಿ. ತಲೆಯ ಮೇಲಿರುವ ಊರನ್ನು ಅವಳು ಒಂದು ದಿನವೂ ಕಂಡಿಲ್ಲ. ಆದರೂ ಆ ಊರನ್ನು ಮತ್ತೆ ಕಟ್ಟುವ ಹೊಣೆ ಅವಳ ಮೇಲಿದೆ.

ಇಬ್ಬರ ಜಗಳ ಇಷ್ಟೇ. ನಾನು ಕಂಡಿರದ ಊರಿನ ದುಃಖವನ್ನು ನಾನೇಕೆ ಹೊರಬೇಕು ಎನ್ನುತ್ತಾಳೆ ಕಿರಿಯಳು. ನೆನಪಿಲ್ಲದೆ ಜನವೇ ಇಲ್ಲ ಎನ್ನುತ್ತಾಳೆ ಹಿರಿಯಳು. ಶಿಬಿರಗಳಲ್ಲಿ, ಪರದೇಶಗಳಲ್ಲಿ ಹುಟ್ಟಿ, ಅಜ್ಜಿಯ ಊರನ್ನು ಅಜ್ಜಿಯ ಬಾಯಲ್ಲಷ್ಟೇ ಕಂಡ ಮೂರನೇ ನಾಲ್ಕನೇ ತಲೆಮಾರಿನ ಮಾತು ಇದು. ಅದನ್ನು ನೇರ ಹೇಳಿದ್ದರೆ ಕಿರಿಯಳು ದ್ರೋಹಿಯಾಗಿ ಕಾಣುತ್ತಿದ್ದಳೇನೋ. ತದ್ರೂಪಿಯ ಬಾಯಲ್ಲಿ ಹೇಳಿಸಿದ್ದರಿಂದ ಅವಳ ಕಷ್ಟ ನಮಗೆ ತಟ್ಟುತ್ತದೆ. ಅವಳ ನೆನಪುಗಳೂ ಅವಳವಲ್ಲ ತಾನೇ. ಸನ್ಸೂರ್ ಯಾರ ಪರವೂ ತೀರ್ಪು ಕೊಡುವುದಿಲ್ಲ. ಅದು ನನಗೆ ಅವರ ದೊಡ್ಡ ಗುಣವಾಗಿ ಕಾಣುತ್ತದೆ.

ಈ ಚಿತ್ರ ಮೊದಲು ಕಂಡದ್ದು 58ನೇ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾಮೇಳದಲ್ಲಿ, ಡೆನ್ಮಾರ್ಕಿನ ಮನೆಯಲ್ಲಿ. ವೆನಿಸ್ಸಿನಲ್ಲಿ ದೇಶಕ್ಕೊಂದು ಪೆವಿಲಿಯನ್, ಅಂದರೆ ಪ್ರದರ್ಶನದ ಮನೆ, ಇರುತ್ತದೆ. ಅಧಿಕೃತವಾಗಿ ಭಾಗವಹಿಸಬೇಕೆಂದರೆ ಇಟಲಿ ಆ ದೇಶವನ್ನು ದೇಶವೆಂದು ಒಪ್ಪಿರಬೇಕು. ಪ್ಯಾಲೆಸ್ಟೈನನ್ನು ಆಗ ಅದು ಒಪ್ಪಿರಲಿಲ್ಲ. 2009ರಲ್ಲಿ ಪ್ಯಾಲೆಸ್ಟೀನಿ ಕಲಾವಿದರು ಅಲ್ಲಿ ಅಧಿಕೃತ ಪೆವಿಲಿಯನ್ನಿನ ಹೊರಗೆ ಪ್ರದರ್ಶನ ಮಾಡಿದಾಗ ಅದಕ್ಕೆ ಇಟ್ಟ ಹೆಸರು 'ಪ್ಯಾಲೆಸ್ಟೈನ್, ಕೇರಾಫ್ ವೆನಿಸ್'. ಸ್ವಂತ ವಿಳಾಸ ಇಲ್ಲದವರು ಕಾಗದದ ಮೇಲೆ ಬರೆಸುವ ಕೇರಾಫ್. ಹತ್ತು ವರ್ಷದ ಮೇಲೆ ಸನ್ಸೂರ್ ಬಂದದ್ದೂ ಒಂದು ರೀತಿ ಕೇರಾಫ್ ಡೆನ್ಮಾರ್ಕೇ.

ನಡುವಿನ ಒಂದು ಚಿತ್ರವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಹೆಸರು ಉದ್ದ: 'ಇನ್ ದ ಫ್ಯೂಚರ್ ದೇ ಏಟ್ ಫ್ರಮ್ ದ ಫೈನೆಸ್ಟ್ ಪೋರ್ಸಲೇನ್'. ಮುಂದೊಂದು ಕಾಲದಲ್ಲಿ ಅವರು ಅತಿ ನಾಜೂಕಿನ ಪಿಂಗಾಣಿಯಲ್ಲಿ ಉಂಡರು ಎಂದು ಅರ್ಥ. ಹೆಸರಲ್ಲೇ ಭವಿಷ್ಯ, ಭೂತ ಎರಡೂ ಢಿಕ್ಕಿ ಹೊಡೆದಿವೆ. 29 ನಿಮಿಷದ ಈ ಚಿತ್ರ ಚಂದ್ರ, ಗೋಪುರಗಳ ಸಾಲಿನಲ್ಲಿ ಮೂರನೆಯದು. ಮನೋವೈದ್ಯರೊಬ್ಬರು ಪ್ರಶ್ನೆ ಕೇಳುತ್ತಾರೆ, ಪ್ರತಿರೋಧದ ಗುಂಪೊಂದರ ನಾಯಕಿ ಉತ್ತರ ಹೇಳುತ್ತಾಳೆ. ಈ ಗುಂಪು ಬಂದೂಕು ಹಿಡಿಯುವುದಿಲ್ಲ. ಪಿಂಗಾಣಿ ತಟ್ಟೆಗಳನ್ನು ನೆಲದಲ್ಲಿ ಹೂಳುತ್ತದೆ. ತಟ್ಟೆಯ ಮೇಲೆ ಕೆಫಿಯೆಯ ವಿನ್ಯಾಸ. ಕೆಫಿಯೆ ಎಂದರೆ ಪ್ಯಾಲೆಸ್ಟೀನಿಯರು ತಲೆಗೆ, ಕೊರಳಿಗೆ ಸುತ್ತಿಕೊಳ್ಳುವ ಕಪ್ಪು ಬಿಳುಪಿನ ಬಟ್ಟೆ. ಬಲೆಯ ಹಾಗೆ ಹೆಣೆದ ಗೆರೆಗಳು. ಆ ಬಲೆ ಇಲ್ಲಿ ಮಿರುಗುವ ಬಿಳಿ ತಟ್ಟೆಯ ಮೈಮೇಲೆ ಬಂದು ಕೂತಿದೆ.

ಏಕೆ ಹೂಳುತ್ತಾರೆ? ನೂರಾರು ವರ್ಷದ ಮೇಲೆ ಯಾರೋ ಅಗೆಯುತ್ತಾರೆ. ತಟ್ಟೆ ಸಿಗುತ್ತದೆ. ಓಹೋ, ಇಲ್ಲಿ ಪಿಂಗಾಣಿಯಲ್ಲಿ ಉಣ್ಣುತ್ತಿದ್ದ ಸಿರಿವಂತ ಜನ ಬಾಳಿದ್ದರು ಎಂದು ಬರೆದುಕೊಳ್ಳುತ್ತಾರೆ. ಆ ಜನರ ವಂಶದವರು ಬಂದು 'ನಾವೇ ಅವರು' ಎಂದು ನೆಲ ಕೇಳಬಹುದು. ಎಂದೂ ಇರದ ನಾಗರಿಕತೆಗೆ ಸಾಕ್ಷಿ ಹುಟ್ಟಿಸುವ ಕೆಲಸ.

ಇದು ವಿಚಿತ್ರ ಎನಿಸಿದರೆ ಆ ನಾಡಿನಲ್ಲಿ ಪುರಾತತ್ವಕ್ಕೆ ಇರುವ ಬೆಲೆಯನ್ನು ನೆನೆಯಬೇಕು. ಅಲ್ಲಿ ಮಡಕೆ ಚೂರು ಸುಮ್ನೆ ಮಡಕೆ ಚೂರಲ್ಲ. ಎರಡು ಸಾವಿರ, ಮೂರು ಸಾವಿರ ವರ್ಷದ ಹಿಂದೆ ಇಲ್ಲಿ ಯಾರಿದ್ದರು ಎಂಬ ಮಾತು ಇವತ್ತು ಯಾರು ಇರಬೇಕು ಎಂಬ ವಾದಕ್ಕೆ ಬಳಕೆಯಾಗುತ್ತದೆ. ಜೆರುಸಲೇಮಿನಲ್ಲಿ ಗುದ್ದಲಿ ಬಿದ್ದ ಕಡೆಯೆಲ್ಲ ಜಗಳ. ಸನ್ಸೂರ್ ಆ ವಾದವನ್ನು ಎದುರಿಸಲು ಇನ್ನೊಂದು ಹಳೆಯ ಚೂರು ತರುವುದಿಲ್ಲ. ಚೂರೇ ದೇಶ ಕಟ್ಟುವುದಾದರೆ ನಾವೂ ಒಂದಷ್ಟು ಹೂತಿಡುತ್ತೇವೆ ಎನ್ನುತ್ತಾರೆ. ಕಥೆ ಕಟ್ಟಿದವರದ್ದೇ ನೆಲ ಆಗುವ ಲೋಕದಲ್ಲಿ ಕಥೆಯೇ ಆಯುಧ. ಆದರೆ ನಾಯಕಿ ಗೆದ್ದವಳ ಹಾಗೆ ಮಾತಾಡುವುದಿಲ್ಲ. ಸತ್ತ ಸಹೋದರಿಯ ನೆನಪು ಅವಳ ಮಾತಿನ ನಡುವೆ ಬರುತ್ತಲೇ ಇರುತ್ತದೆ. ದೊಡ್ಡ ಚರಿತ್ರೆಯನ್ನು ತಿದ್ದಲು ಹೊರಟವಳಿಗೆ ಆ ಒಂದು ಸಾವನ್ನು ತಿದ್ದಲಾಗಿಲ್ಲ. ಹಿಂದೆ ಬಟ್ಟಬಯಲು, ಅದರಲ್ಲಿ ಹಳೆಯ ಫೋಟೊಗಳಿಂದ ಎದ್ದುಬಂದ ಜನ ಅಲುಗಾಡದೆ ನಿಂತಿರುತ್ತಾರೆ.

ಕಥೆ ಪರದೆಯಿಂದ ಹೊರಗೆ ಬಂದದ್ದು ಇದಾದ ಮೇಲೆ. 2016ರಲ್ಲಿ 'ಆರ್ಕಿಯಾಲಜಿ ಇನ್ ಆಬ್ಸೆನ್ಷಿಯಾ' ಎಂಬ ಶಿಲ್ಪಗಳ ಸಾಲು ಬಂತು. ಗೇಣುದ್ದದ ಕಂಚಿನ ಕರಂಡಕಗಳು, ಶೀತಲ ಸಮರ ಕಾಲದ ಪುಟ್ಟ ಅಣುಬಾಂಬಿನ ಆಕಾರದಲ್ಲಿ. ಬಿಚ್ಚಿದರೆ ಒಳಗೆ ಒಂದು ಬಿಲ್ಲೆ. ಅದರ ಮೇಲೆ ಅಕ್ಷಾಂಶ, ರೇಖಾಂಶ ಕೊರೆದಿದೆ. ಆ ಅಂಕಿಗಳು ಪ್ಯಾಲೆಸ್ಟೈನಿನ ಮಣ್ಣಿನಲ್ಲಿ ತಟ್ಟೆ ಹೂತಿಟ್ಟ ಜಾಗದವು. ಚಿತ್ರದಲ್ಲಿ ನಾಯಕಿ ಮಾಡಿದ್ದನ್ನು ಕಲಾವಿದೆ ತಾನೇ ಮಾಡಿದರು.

ಗ್ಯಾಲರಿಯಲ್ಲಿ ನೋಡುವವರಿಗೆ ತಟ್ಟೆ ಕಾಣುವುದಿಲ್ಲ. ಕಂಚು ಕೊಂಡವರಿಗೂ ಸಿಗುವುದು ಬಿಲ್ಲೆ, ಅದರ ಮೇಲಿನ ಅಂಕಿ, ಅಷ್ಟೇ. ತಟ್ಟೆ ಬೇಕೆಂದರೆ ಆ ನೆಲಕ್ಕೇ ಹೋಗಬೇಕು. ರಸ್ತೆ ಹಿಡಿಯಬೇಕು, ಚೆಕ್‌ಪೋಸ್ಟಿನ ಸಾಲಿನಲ್ಲಿ ನಿಲ್ಲಬೇಕು, ಕಾಗದ ತೋರಿಸಬೇಕು, ಬಿಟ್ಟರೆ ಮುಂದೆ ಹೋಗಿ ಮಂಡಿಯೂರಿ ಮಣ್ಣು ಅಗೆಯಬೇಕು.